ಸೊಲ್ಜೆನಿತ್ಸಿನ್: ಬರೆದದ್ದನ್ನು ಸುಟ್ಟು ನೆನಪಿನಲ್ಲಿ ಉಳಿಸಿಕೊಂಡ ಲೇಖಕ

ಗೆಳೆಯನಿಗೆ ಬರೆದ ಪತ್ರಗಳಲ್ಲಿ ಸ್ಟಾಲಿನ್‌ನನ್ನು ಟೀಕಿಸಿದ್ದೇ ಅಪರಾಧವಾಯಿತು. 1945ರ ಫೆಬ್ರವರಿಯಲ್ಲಿ, ಜರ್ಮನಿ ವಿರುದ್ಧ ಹೋರಾಡುತ್ತಿದ್ದ ಸೋವಿಯತ್ ಫಿರಂಗಿ ದಳದ ಕ್ಯಾಪ್ಟನ್ ಅಲೆಕ್ಸಾಂಡರ್ ಸೊಲ್ಜೆನಿತ್ಸಿನ್ ಅವರನ್ನು ಯುದ್ಧಭೂಮಿಯಲ್ಲೇ ಬಂಧಿಸಲಾಯಿತು. ಕೋರ್ಟ್ ವಿಚಾರಣೆಯೇ ಇಲ್ಲದೆ 8 ವರ್ಷಗಳ ಶಿಕ್ಷೆ ವಿಧಿಸಲಾಯಿತು.

1918ರ ಡಿಸೆಂಬರ್ 11ರಂದು ಕಿಸ್ಲೊವೊಡ್ಸ್ಕ್‌ನಲ್ಲಿ ಜನಿಸಿದ ಅವರು ತಂದೆಯ ಮುಖವನ್ನೇ ಕಂಡವರಲ್ಲ. ತಾಯಿಯ ಆಸರೆಯಲ್ಲಿ ರೊಸ್ತೊವ್‌ನಲ್ಲಿ ಬೆಳೆದು, ಗಣಿತ ಮತ್ತು ಭೌತಶಾಸ್ತ್ರ ಓದಿದ್ದರು.

ಜಪಮಾಲೆಯಲ್ಲಿ ಕವಿತೆ

ಕಝಾಕಿಸ್ತಾನದ ಎಕಿಬಾಸ್ತುಜ್ ಶಿಬಿರದಲ್ಲಿ ಅವರದು ಗಾರೆ ಕೆಲಸ. ಬರೆದ ಕಾಗದ ಸಿಕ್ಕಿಬಿದ್ದರೆ ಅಪಾಯ. ಹಾಗಾಗಿ ಚೂರು ಕಾಗದದಲ್ಲಿ ಕೆಲವೇ ಸಾಲು ಬರೆದು, ಬಾಯಿಪಾಠ ಮಾಡಿ ಸುಟ್ಟುಬಿಡುತ್ತಿದ್ದರು. ಬ್ರೆಡ್ಡಿನಿಂದ ಮಾಡಿದ ಮಣಿಗಳ ಜಪಮಾಲೆ ಹಿಡಿದು ಸಾಲುಗಳನ್ನು ಎಣಿಸುತ್ತಿದ್ದರು. ನೋಡಿದವರಿಗೆ ಅದು ಪ್ರಾರ್ಥನೆ!

1953ರಲ್ಲಿ ಶಿಬಿರದಿಂದ ಹೊರಬಂದರೂ ಗಡಿಪಾರು, ಜೊತೆಗೆ ಕ್ಯಾನ್ಸರ್. ತಾಷ್ಕೆಂಟ್‌ನಲ್ಲಿ ಚಿಕಿತ್ಸೆ ಪಡೆದು ಬದುಕುಳಿದರು. ಬಳಿಕ ರ್‍ಯಾಜಾನ್‌ನಲ್ಲಿ ಶಾಲಾ ಶಿಕ್ಷಕರಾದರು. 1962ರ ನವೆಂಬರ್‌ನಲ್ಲಿ, ಕ್ರುಶ್ಚೇವ್ ಒಪ್ಪಿಗೆಯೊಂದಿಗೆ, ಕೈದಿಯೊಬ್ಬನ ಒಂದು ದಿನದ ಕಥೆ ‘ನೋವಿ ಮಿರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾಜಿ ಕೈದಿಗಳಿಂದ ಪತ್ರಗಳು ಹರಿದುಬಂದವು.

ಒಂದು ಸಾವು, ಒಂದು ನಿರ್ಧಾರ

227 ಮಂದಿಯ ಅನುಭವ ಸೇರಿಸಿ ಅವರು ಗುಟ್ಟಾಗಿ ಬರೆದದ್ದು ‘ಗುಲಾಗ್ ಆರ್ಕಿಪೆಲಾಗೊ’. ಹಸ್ತಪ್ರತಿಯ ಭಾಗಗಳು ಬೇರೆ ಬೇರೆಯವರ ಮನೆಗಳಲ್ಲಿದ್ದವು. 1970ರಲ್ಲಿ ನೊಬೆಲ್ ಬಂದಾಗಲೂ, ಮರಳಲು ಬಿಡಲಾರರೆಂದು ಅವರು ಸ್ಟಾಕ್‌ಹೋಮ್‌ಗೆ ಹೋಗಲಿಲ್ಲ. ಸಾಕ್ಷಿ ಹೇಳಿದವರಿಗೆ ತೊಂದರೆಯಾದೀತೆಂದು ಈ ಪುಸ್ತಕದ ಪ್ರಕಟಣೆಯನ್ನೂ ತಡೆಹಿಡಿದಿದ್ದರು.

1973ರ ಆಗಸ್ಟ್‌ನಲ್ಲಿ ಅದನ್ನು ಟೈಪ್ ಮಾಡಿದ್ದ ಎಲಿಜವೆಟಾ ವೊರೊನ್ಯಾನ್ಸ್ಕಾಯಾ ಅವರನ್ನು ಕೆಜಿಬಿ ಲೆನಿನ್‌ಗ್ರಾಡ್‌ನಲ್ಲಿ ದಿನಗಟ್ಟಲೆ ವಿಚಾರಿಸಿತು. ಪ್ರತಿ ಬಚ್ಚಿಟ್ಟ ಜಾಗವನ್ನು ಅವರು ಹೇಳಬೇಕಾಯಿತು. ಕೆಲವೇ ದಿನಗಳಲ್ಲಿ ಅವರು ಶವವಾಗಿ ಪತ್ತೆಯಾದರು. ಇನ್ನು ಮುಚ್ಚಿಟ್ಟು ಯಾರನ್ನೂ ಉಳಿಸಲಾಗದೆಂದು ಅರಿತ ಸೊಲ್ಜೆನಿತ್ಸಿನ್ ಪ್ರಕಟಣೆಗೆ ಸೂಚನೆ ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ ಮೊದಲ ಸಂಪುಟ ಪ್ಯಾರಿಸ್‌ನಲ್ಲಿ ಹೊರಬಂತು.

1974ರ ಫೆಬ್ರವರಿಯಲ್ಲಿ ಪೌರತ್ವ ಕಿತ್ತುಕೊಂಡು ಅವರನ್ನು ವಿಮಾನದಲ್ಲಿ ಪಶ್ಚಿಮ ಜರ್ಮನಿಗೆ ಕಳುಹಿಸಲಾಯಿತು. ನಂತರ ಅಮೆರಿಕದ ವರ್ಮಾಂಟ್‌ನಲ್ಲಿ ನೆಲೆಸಿದರು. ಆಶ್ರಯ ಕೊಟ್ಟವರನ್ನೂ ಅವರು ಬಿಡಲಿಲ್ಲ. 1978ರಲ್ಲಿ ಹಾರ್ವರ್ಡ್‌ನಲ್ಲಿ ಪಶ್ಚಿಮದ ಭೋಗಜೀವನವನ್ನು ಖಂಡಿಸಿದರು.

1994ರಲ್ಲಿ ತಾಯ್ನಾಡಿಗೆ ಮರಳಿದಾಗ ಮೊದಲು ಇಳಿದದ್ದು ಶಿಬಿರಗಳಿಗೆ ಕುಖ್ಯಾತವಾದ ಮಗದಾನ್‌ನಲ್ಲಿ. 2008ರ ಆಗಸ್ಟ್ 3ರಂದು, 89ನೇ ವಯಸ್ಸಿನಲ್ಲಿ ಮಾಸ್ಕೋದಲ್ಲಿ ನಿಧನರಾದರು. ಮರುವರ್ಷ ‘ಗುಲಾಗ್’ನ ಭಾಗಗಳು ರಷ್ಯಾದ ಶಾಲಾ ಪಠ್ಯಕ್ಕೆ ಸೇರಿದವು.