ಕಾರ್ಮಿಕ ನಾಯಕ ಅಂಬೇಡ್ಕರ್

ಬೆಂಗಳೂರಿನ ವಿಧಾನಸೌಧದ ಮುಂದೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಪ್ರತಿಮೆಯಿದೆ. ಸಂವಿಧಾನ ಶಿಲ್ಪಿಯೆಂದು ಅವರನ್ನು ಎಲ್ಲರೂ ಬಲ್ಲರು. ಮಲ್ಲಂದೂರಿನ ಕಾಫಿ ತೋಟಗಳ ನಡುವೆ ಬೆಳೆದ ನನಗೆ ಅವರು ಕಾರ್ಮಿಕ ನಾಯಕರಾಗಿಯೂ ಹತ್ತಿರದವರು.

1891ರ ಏಪ್ರಿಲ್ 14ರಂದು ಜನಿಸಿದ ಅವರು 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ ಹೋರಾಡಿದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1938ರಲ್ಲಿ, ಮುಷ್ಕರದ ಹಕ್ಕು ಮೊಟಕುಗೊಳಿಸುವ ಮಸೂದೆಯ ವಿರುದ್ಧ ಮುಂಬಯಿ ಕಾರ್ಮಿಕರ ಜೊತೆ ನಿಂತರು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿದ್ದರು. 1946ರ ತಿದ್ದುಪಡಿಯಿಂದ ಕಾರ್ಖಾನೆಗಳ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. 1956ರ ಡಿಸೆಂಬರ್ 6ರಂದು ನಿಧನರಾದರು.

ಕಾಫಿ ಹಣ್ಣು ಕೊಯ್ಯುವವರಿಗೂ ಕಂಪ್ಯೂಟರ್ ಮುಂದೆ ಕೂರುವ ನನ್ನಂಥವರಿಗೂ ದುಡಿಮೆಗೊಂದು ಮಿತಿ ಬೇಕು. ಪ್ರತಿಮೆಗೆ ಹಾರ ಹಾಕುವಾಗ ನಮ್ಮ ಶಾಲೆಯ ಮಕ್ಕಳು ಇದನ್ನೂ ನೆನೆಯಲಿ.