ಇಸ್ತಾಂಬುಲ್‌ಗೆ ಗುಮ್ಮಟ ತೊಡಿಸಿದ ಸಿನಾನ್

ಗಲಾಟಾ ಸೇತುವೆಯ ಮೇಲೆ ನಿಂತು ಹಳೆಯ ಇಸ್ತಾಂಬುಲ್ ಕಡೆಗೆ ನೋಡಿದರೆ ಗುಡ್ಡದ ನೆತ್ತಿಯಲ್ಲಿ ಬೂದುಬಣ್ಣದ ವಿಶಾಲ ಗುಮ್ಮಟ, ಅದನ್ನು ಸುತ್ತುವರಿದ ನಾಲ್ಕು ಮಿನಾರುಗಳು ಕಾಣುತ್ತವೆ. ಅದು ಸುಲೇಮಾನಿಯೆ ಮಸೀದಿ. ಕೆಳಗೆ, ಸೇತುವೆಗೆ ಇನ್ನೂ ಸಮೀಪದಲ್ಲಿ, ಪೇಟೆಯ ಅಂಗಡಿಗಳ ಮೇಲೆಯೇ ಎದ್ದು ನಿಂತಿರುವುದು ರುಸ್ತೆಂ ಪಾಷಾ ಮಸೀದಿ. ಎರಡೂ ಒಬ್ಬನೇ ವಾಸ್ತುಶಿಲ್ಪಿಯ ಕೃತಿಗಳು. ಹದಿನಾರನೆಯ ಶತಮಾನದಲ್ಲಿ ಸುಮಾರು ಅರ್ಧ ಶತಮಾನ ಕಾಲ ಒಟ್ಟೊಮನ್ ಸಾಮ್ರಾಜ್ಯದ ಪ್ರಧಾನ ವಾಸ್ತುಶಿಲ್ಪಿಯಾಗಿದ್ದ ಮಿಮಾರ್ ಸಿನಾನ್ ಹೆಸರಿನಲ್ಲಿ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳು ದಾಖಲಾಗಿವೆ. ಮಿಮಾರ್ ಎಂದರೆ ತುರ್ಕಿ ಭಾಷೆಯಲ್ಲಿ ವಾಸ್ತುಶಿಲ್ಪಿ ಎಂದೇ ಅರ್ಥ.

ಈ ನಗರ ಸಿನಾನ್‌ನ ಹುಟ್ಟೂರಲ್ಲ. ಆತ ಇಲ್ಲಿಗೆ ತಾನಾಗಿ ಬಂದವನೂ ಅಲ್ಲ.

1490ರ ಸುಮಾರಿಗೆ ಅನತೋಲಿಯಾದ ಕೈಸೇರಿ ಪಟ್ಟಣದ ಬಳಿಯ ಅಗಿರ್ನಾಸ್ ಎಂಬ ಹಳ್ಳಿಯಲ್ಲಿ, ಕ್ರೈಸ್ತ ಕುಟುಂಬದಲ್ಲಿ ಆತನ ಜನನ. ಆಗ ಒಟ್ಟೊಮನ್ ಅಧಿಕಾರಿಗಳು ಕ್ರೈಸ್ತ ಹಳ್ಳಿಗಳಿಂದ ಹುಡುಗರನ್ನು ಕಂದಾಯದಂತೆ ಎತ್ತಿಕೊಂಡು ಹೋಗುತ್ತಿದ್ದರು. ದೇವ್‌ಶಿರ್ಮೆ ಎಂಬ ಈ ಪದ್ಧತಿಯಲ್ಲಿ ಆಯ್ಕೆಯಾದವರು ಇಸ್ಲಾಂಗೆ ಮತಾಂತರಗೊಂಡು ಸುಲ್ತಾನನ ಸೇವಕರಾಗಬೇಕಿತ್ತು. ಸುಲ್ತಾನ್ ಒಂದನೆಯ ಸೆಲಿಮ್ ಆಳ್ವಿಕೆಯಲ್ಲಿ ಸಿನಾನ್ ಹೀಗೆ ರಾಜಧಾನಿ ಸೇರಿದಾಗ ಇಪ್ಪತ್ತರ ಆಸುಪಾಸಿನ ತರುಣ. ಬಡಗಿ ಕೆಲಸ ಕಲಿತು, ಜಾನಿಸರಿ ಎಂಬ ಪಡೆಯನ್ನು ಸೇರಿಕೊಂಡ.

ಅಲ್ಲಿಂದ ಮುಂದಿನ ಬದುಕು ದಂಡಯಾತ್ರೆಯದು. ಬೆಲ್‌ಗ್ರೇಡ್, ರೋಡ್ಸ್, ಮೊಹಾಚ್, ಬಾಗ್ದಾದ್‌ಗಳಲ್ಲಿ ಸೈನ್ಯದೊಡನೆ ಅಲೆದ. ವಾನ್ ಸರೋವರ ದಾಟಲು ದೋಣಿ ಕಟ್ಟಿಸಿದ, 1538ರಲ್ಲಿ ಪ್ರುತ್ ನದಿಗೆ ಕೆಲವೇ ದಿನಗಳಲ್ಲಿ ಸೇತುವೆ ಹಾಕಿಸಿದ. ನದಿಯ ಕೆಸರಿನಲ್ಲಿ ಕಂಬ ಊರಿದ ಆ ಕೈಚಳಕವೇ ಪ್ರಧಾನ ವಾಸ್ತುಶಿಲ್ಪಿಯ ಪದವಿಗೆ ದಾರಿಯಾಯಿತು. ಆಗ ಆತನಿಗೆ ಐವತ್ತರ ಹತ್ತಿರ. ಇಂದಿನ ಸರ್ಕಾರಿ ನೌಕರ ನಿವೃತ್ತಿಯ ಲೆಕ್ಕ ಹಾಕತೊಡಗುವ ವಯಸ್ಸಿನಲ್ಲಿ ಆತನ ನಿಜವಾದ ವೃತ್ತಿ ಆರಂಭವಾಯಿತು.

ಹುದ್ದೆಯೆಂದರೆ ಮಸೀದಿ ಕಟ್ಟುವುದಷ್ಟೇ ಅಲ್ಲ. ರಸ್ತೆ, ಚರಂಡಿ, ಬೆಂಕಿ ಅನಾಹುತದಿಂದ ರಕ್ಷಣೆ ಎಲ್ಲವೂ ಆತನ ಹೊಣೆ. ಜನ ತುಂಬಿ ಬಾಯಾರಿದ್ದ ನಗರಕ್ಕೆ ಉತ್ತರದ ಕಾಡಿನಿಂದ ನೀರು ತರಲು ಕಿರ್ಕ್‌ಚೆಶ್ಮೆ ಎಂಬ ಜಾಲ ರೂಪಿಸಿದ. 1563ರ ಪ್ರವಾಹದಲ್ಲಿ ಮೇಲ್ಗಾಲುವೆಗಳು ಕುಸಿದವು. ಸಿನಾನ್ ಮತ್ತೆ ಕಟ್ಟಿಸಿದ. ಎರಡು ಅಂತಸ್ತಿನ ಕಮಾನುಗಳ ಮಾಲೊವಾ ಮೇಲ್ಗಾಲುವೆ ಇಂದಿಗೂ ನಿಂತಿದೆ. ಪ್ರವಾಸಿಗರು ಅತ್ತ ಸುಳಿಯುವುದು ಕಡಿಮೆ. ಆತನ ಬುದ್ಧಿಶಕ್ತಿಯನ್ನು ಅಳೆಯಲು ಯಾವ ಮಸೀದಿಗೂ ಕಡಿಮೆಯಿಲ್ಲದ ಸಾಕ್ಷಿ ಅದು.

ಸುಲ್ತಾನ್ ಸುಲೇಮಾನ್‌ಗಾಗಿ 1550ರಿಂದ 1557ರವರೆಗೆ ಕಟ್ಟಿದ ಸುಲೇಮಾನಿಯೆ ಒಂದು ಮಸೀದಿಯಲ್ಲ, ಪುಟ್ಟ ಪಟ್ಟಣ. ಗುಮ್ಮಟದ ಎತ್ತರ 53 ಮೀಟರ್, ವ್ಯಾಸ ಸುಮಾರು 26 ಮೀಟರ್. ಸುತ್ತ ಪಾಠಶಾಲೆಗಳು, ವೈದ್ಯಶಾಲೆ, ಆಸ್ಪತ್ರೆ, ಬಡವರಿಗೆ ಊಟ ಬಡಿಸುವ ಅಡುಗೆಮನೆ, ಸ್ನಾನಗೃಹ, ಬಾಡಿಗೆ ತರುವ ಅಂಗಡಿಗಳು. ನಿರ್ಮಾಣದ ಲೆಕ್ಕಪುಸ್ತಕಗಳು ಉಳಿದುಬಂದಿವೆ. ಕಲ್ಲುಕುಟಿಗರು, ಬಡಗಿಗಳು, ಕಮ್ಮಾರರು ಎಲ್ಲರಿಗೂ ಕೊಟ್ಟ ಕೂಲಿ ಅವುಗಳಲ್ಲಿದೆ. ಮುಸ್ಲಿಮರೊಂದಿಗೆ ಕ್ರೈಸ್ತರೂ ಅಪಾರ ಸಂಖ್ಯೆಯಲ್ಲಿ ದುಡಿದಿದ್ದರು.

ಆದರೆ ಸಿನಾನ್ ತನ್ನ ಶ್ರೇಷ್ಠ ಕೃತಿಯೆಂದು ಭಾವಿಸಿದ್ದು ರಾಜಧಾನಿಯಲ್ಲಿಲ್ಲ, ಎಡಿರ್ನೆ ನಗರದಲ್ಲಿದೆ. ಎರಡನೆಯ ಸೆಲಿಮ್ ಆಜ್ಞೆಯಂತೆ 1568ರಲ್ಲಿ ಆರಂಭವಾದ ಸೆಲಿಮಿಯೆ ಮಸೀದಿಯಲ್ಲಿ ಎಂಟು ಕಂಬಗಳ ಮೇಲೆ 31 ಮೀಟರ್ ವ್ಯಾಸದ ಗುಮ್ಮಟ ಕುಳಿತಿದೆ. ಇದರೊಂದಿಗೆ ಸಾವಿರ ವರ್ಷ ಹಳೆಯ ಆಯಾ ಸೋಫಿಯಾವನ್ನು ಮೀರಿಸಿದೆನೆಂಬ ಹೆಮ್ಮೆ ಆತನಿಗಿತ್ತು. ಅಳತೆಪಟ್ಟಿ ಹಿಡಿದರೆ ಅಗಲದಲ್ಲಿ ಎರಡೂ ಸರಿಸುಮಾರು ಸಮ. ಎತ್ತರದಲ್ಲಿ ಆಯಾ ಸೋಫಿಯಾವೇ ಮೇಲು. ಆದರೆ ಒಳಗೆ ನಿಂತವರಿಗೆ ಎಲ್ಲಿಯೂ ಕಣ್ಣು ತಡೆಯದೆ ಇಡೀ ಅವಕಾಶ ಒಂದೇ ನೋಟಕ್ಕೆ ದಕ್ಕುವುದು ಎಡಿರ್ನೆಯಲ್ಲಿ. ಎಂಬತ್ತರ ಮುದುಕನ ಜಂಬವನ್ನು ಅಷ್ಟರಮಟ್ಟಿಗೆ ಕ್ಷಮಿಸಬಹುದು.

ಗುಮ್ಮಟ ಏಳುತ್ತಿದ್ದ ಆ ವರ್ಷಗಳಲ್ಲೇ ಸಿನಾನ್‌ನ ಹುಟ್ಟೂರಿಗೆ ಸಂಕಟ ಬಂದಿತು. 1571ರ ಹೊತ್ತಿಗೆ ಸೈಪ್ರಸ್ ದ್ವೀಪವನ್ನು ಗೆದ್ದ ಸಾಮ್ರಾಜ್ಯ, ಅಲ್ಲಿ ಜನರನ್ನು ನೆಲೆಗೊಳಿಸಲು ಅನತೋಲಿಯಾದ ಹಳ್ಳಿಗಳಿಂದ ಹತ್ತು ಮನೆಗೊಂದರಂತೆ ಕುಟುಂಬಗಳನ್ನು ಸಾಗಿಸಲು ಆಜ್ಞೆ ಹೊರಡಿಸಿತು. ಕೈಸೇರಿ ಸೀಮೆಯೂ ಅದರಲ್ಲಿತ್ತು. ಸಿನಾನ್ ಅರಮನೆಗೆ ಅರ್ಜಿ ಸಲ್ಲಿಸಿದ. ಅಗಿರ್ನಾಸ್ ಹಾಗೂ ನೆರೆಯ ಊರುಗಳಲ್ಲಿದ್ದ ತನ್ನ ಬಂಧುಗಳನ್ನು ಬಿಟ್ಟುಬಿಡಬೇಕೆಂಬುದು ಕೋರಿಕೆ. 1573ರ ಕೊನೆಯಲ್ಲಿ ವಿನಾಯಿತಿಯ ಆದೇಶ ಹೊರಟಿತು. ಊರು ಬಿಟ್ಟು ಆರು ದಶಕ ಕಳೆದಿದ್ದರೂ ಅಲ್ಲಿನವರು ಆತನ ಮನಸ್ಸಿನಿಂದ ಮರೆಯಾಗಿರಲಿಲ್ಲವೆಂಬುದಕ್ಕೆ ಈ ಸರ್ಕಾರಿ ಕಾಗದವೇ ಆಧಾರ. ಆದೇಶ ಉಳಿಸಿದ್ದು ಆತನ ಬಂಧುಗಳನ್ನು ಮಾತ್ರ. ಪದ್ಧತಿ ಎಂದಿನಂತೆ ನಡೆಯಿತು.

ಹಾಗೆ ಹುಟ್ಟೂರನ್ನು ಮರೆಯದ ಇನ್ನೊಬ್ಬನಿದ್ದ. ಬಾಸ್ನಿಯಾದಿಂದ ದೇವ್‌ಶಿರ್ಮೆಗೆ ಸಿಕ್ಕಿ ಬಂದು ಪ್ರಧಾನಮಂತ್ರಿ ಪದವಿಗೇರಿದ ಸೊಕೊಲ್ಲು ಮೆಹ್ಮೆದ್ ಪಾಷಾ, ತನ್ನ ನಾಡಿನ ವಿಷೆಗ್ರಾದ್‌ನಲ್ಲಿ ಡ್ರಿನಾ ನದಿಗೆ ಸೇತುವೆ ಬಯಸಿದ. 1577ರ ಸುಮಾರಿಗೆ ಪೂರ್ಣಗೊಂಡ ಹನ್ನೊಂದು ಕಮಾನುಗಳ ಆ ಸೇತುವೆಯ ವಾಸ್ತುಶಿಲ್ಪಿ ಸಿನಾನ್.

ಎಡಿರ್ನೆಯ ಮಸೀದಿ 1575ರಲ್ಲಿ ತೆರೆಯುವಷ್ಟರಲ್ಲಿ ಅದನ್ನು ಕಟ್ಟಿಸಿದ ಸೆಲಿಮ್ ತೀರಿಕೊಂಡಿದ್ದ. ಸಿನಾನ್ ಮೂರನೆಯ ಮುರಾದನ ಕಾಲದಲ್ಲಿಯೂ ಹುದ್ದೆಯಲ್ಲಿದ್ದ. ಕಡೆಗಾಲದಲ್ಲಿ ಕವಿಮಿತ್ರ ಸಾಯಿ ಮುಸ್ತಫಾ ಚೆಲೆಬಿಗೆ ಜೀವನ ವೃತ್ತಾಂತ ಹೇಳಿ ಬರೆಸಿದ. 1588ರಲ್ಲಿ ಮೃತಪಟ್ಟಾಗ ವಯಸ್ಸು ನೂರರ ಸಮೀಪ. ಸುಲೇಮಾನಿಯೆಯ ಪಕ್ಕದ ಬೀದಿ ಮೂಲೆಯಲ್ಲಿ ತಾನೇ ಕಟ್ಟಿಕೊಂಡಿದ್ದ ಪುಟ್ಟ ಗೋರಿಯಲ್ಲಿ ಆತನನ್ನು ಮಣ್ಣು ಮಾಡಲಾಯಿತು. ಅವಸರದಲ್ಲಿ ನಡೆಯುವವರ ಕಣ್ಣಿಗೆ ಅದು ಬೀಳುವುದೂ ಕಷ್ಟ.

1935ರಲ್ಲಿ ಆ ಗೋರಿಯನ್ನು ಅಗೆಯಲಾಯಿತು. ಜನಾಂಗ ಸಿದ್ಧಾಂತಗಳ ಭರಾಟೆಯ ಆ ದಿನಗಳಲ್ಲಿ, ಸಿನಾನ್ ತುರ್ಕಿ ಕುಲದವನೆಂದು ಸಾಬೀತುಪಡಿಸಲು ಆತನ ತಲೆಬುರುಡೆಯನ್ನು ಹೊರತೆಗೆದು ಅಳತೆ ಮಾಡಿದರು. ವಸ್ತುಸಂಗ್ರಹಾಲಯಕ್ಕೆಂದು ಎತ್ತಿಟ್ಟ ಬುರುಡೆ ಗೋರಿಗೆ ಮರಳಲಿಲ್ಲ. ಜೀರ್ಣೋದ್ಧಾರಕ್ಕೆ ಮುಂದೆ ಗೋರಿ ತೆರೆದವರಿಗೆ ಉಳಿದ ಅಸ್ಥಿಗಳಷ್ಟೇ ಕಂಡವು.