ಒಂದು ವರ್ಷದ ಲಾಭವನ್ನು ನಂಬದ ಗ್ರಹಾಂ

1914ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಇಪ್ಪತ್ತು ವರ್ಷದ ಹುಡುಗನೊಬ್ಬ ತನ್ನ ತರಗತಿಗೇ ಎರಡನೆಯವನಾಗಿ ಪದವಿ ಮುಗಿಸಿದ. ಇಂಗ್ಲಿಷ್, ಗಣಿತ, ತತ್ವಶಾಸ್ತ್ರ ಈ ಮೂರೂ ವಿಭಾಗಗಳು ನಮ್ಮಲ್ಲಿ ಪಾಠ ಮಾಡಲು ಬಾ ಎಂದು ಅವನನ್ನು ಕರೆದವು. ಅವನು ಮೂರನ್ನೂ ಬಿಟ್ಟು ವಾಲ್‌ಸ್ಟ್ರೀಟ್‌ನ ಷೇರು ದಲ್ಲಾಳಿ ಸಂಸ್ಥೆಯೊಂದಕ್ಕೆ ವಾರಕ್ಕೆ 12 ಡಾಲರ್ ಸಂಬಳಕ್ಕೆ ಸೇರಿಕೊಂಡ. ನನಗೂ ಈಗ ಇಪ್ಪತ್ತು. ಒಂದು ಆಫರ್ ಲೆಟರ್‌ಗೆ ನಾಲ್ಕು ಸುತ್ತಿನ ಪರೀಕ್ಷೆ ಬರೆಯುವ ನಮ್ಮಂಥವರಿಗೆ ಈ ಕಥೆ ಸ್ವಲ್ಪ ಹೊಟ್ಟೆಕಿಚ್ಚು ತರಿಸುತ್ತದೆ. ಆದರೆ ಅವನ ಮನೆಯ ಪರಿಸ್ಥಿತಿ ತಿಳಿದ ಮೇಲೆ ಹೊಟ್ಟೆಕಿಚ್ಚು ಉಳಿಯುವುದಿಲ್ಲ.

ಬೆಂಜಮಿನ್ ಗ್ರಹಾಂ ಹುಟ್ಟಿದ್ದು 1894ರಲ್ಲಿ, ಲಂಡನ್‌ನಲ್ಲಿ. ಆಗ ಅವರ ಮನೆತನದ ಹೆಸರು ಗ್ರಾಸ್‌ಬಾಮ್. ಒಂದು ವರ್ಷದ ಮಗುವಾಗಿದ್ದಾಗ ಕುಟುಂಬ ನ್ಯೂಯಾರ್ಕ್‌ಗೆ ಬಂತು. ತಂದೆಯದು ಪಿಂಗಾಣಿ ಸಾಮಾನಿನ ವ್ಯಾಪಾರ. ಮಗನಿಗೆ ಒಂಬತ್ತು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು, ವ್ಯಾಪಾರ ಮುಳುಗಿತು. ಮೂರು ಗಂಡುಮಕ್ಕಳನ್ನು ಸಾಕಬೇಕಾದ ತಾಯಿ ಮನೆಯಲ್ಲೇ ಬಾಡಿಗೆಗೆ ಜನರನ್ನಿಟ್ಟುಕೊಂಡು ನೋಡಿದರು, ಸಾಲದ ಹಣದಲ್ಲಿ ಷೇರು ಕೊಂಡೂ ನೋಡಿದರು. 1907ರ ಷೇರುಪೇಟೆಯ ಕುಸಿತದಲ್ಲಿ ಅದೂ ಹೋಯಿತು. ಒಮ್ಮೆ ಬ್ಯಾಂಕಿನಲ್ಲಿ ತಾಯಿಯ ಐದು ಡಾಲರ್ ಚೆಕ್ ಕೊಟ್ಟಾಗ, ಆಕೆಯ ಖಾತೆಗೆ ಅಷ್ಟು ಯೋಗ್ಯತೆ ಇದೆಯೇ ಎಂದು ಕ್ಯಾಷಿಯರ್ ಎಲ್ಲರಿಗೂ ಕೇಳುವಂತೆ ವಿಚಾರಿಸಿದ್ದನ್ನು ಗ್ರಹಾಂ ಮುದುಕರಾದ ಮೇಲೂ ಮರೆತಿರಲಿಲ್ಲ.

ಕೊಲಂಬಿಯಾದ ವಿದ್ಯಾರ್ಥಿವೇತನದ್ದೂ ಒಂದು ಕಥೆಯೇ. ಅರ್ಹತೆ ಇದ್ದರೂ ಮೊದಲ ಸಲ ಸಿಗಲಿಲ್ಲ. ಅಲ್ಲೇ ಓದುತ್ತಿದ್ದ, ಅದೇ ಮನೆತನದ ಹೆಸರಿನ ಸೋದರ ಸಂಬಂಧಿಯ ದಾಖಲೆಯೊಂದಿಗೆ ಇವರ ದಾಖಲೆ ಕಲಸಿಹೋಗಿತ್ತು. ತಪ್ಪು ತಿಳಿದು ಸರಿಮಾಡುವ ಹೊತ್ತಿಗೆ ಸಮಯ ಕಳೆದುಹೋಗಿತ್ತು. ಕೊನೆಗೂ ಸೇರಿದ ಮೇಲೆ ದುಡಿಯುತ್ತಲೇ ಓದಿ ಮುಗಿಸಿದರು. ಅಂಥ ಮನೆಯ ಹುಡುಗ ಪ್ರೊಫೆಸರ್ ಕುರ್ಚಿ ಬಿಟ್ಟು ದುಡ್ಡಿರುವ ಬೀದಿಗೆ ಹೋದದ್ದರಲ್ಲಿ ಆಶ್ಚರ್ಯವೇನಿದೆ?

ವಾಲ್‌ಸ್ಟ್ರೀಟ್‌ನಲ್ಲಿ ಆಗ ಷೇರು ಕೊಳ್ಳುವುದೆಂದರೆ ಹೆಚ್ಚಾಗಿ ಗಾಳಿಸುದ್ದಿಯ ಮೇಲೆ. ಗ್ರಹಾಂ ಮಾಡಿದ್ದು ಸರಳವಾದ ಕೆಲಸ, ಯಾರೂ ಓದದ ವರದಿಗಳನ್ನು ಓದಿದರು. 1926ರಲ್ಲಿ ಸರ್ಕಾರಿ ಆಯೋಗವೊಂದಕ್ಕೆ ಪೈಪ್‌ಲೈನ್ ಕಂಪನಿಗಳು ಸಲ್ಲಿಸಿದ್ದ ಲೆಕ್ಕಪತ್ರ ನೋಡಲು ವಾಷಿಂಗ್ಟನ್‌ಗೇ ಹೋದರು. ನಾರ್ದರ್ನ್ ಪೈಪ್‌ಲೈನ್ ಎಂಬ ಕಂಪನಿಯ ಷೇರು ಪೇಟೆಯಲ್ಲಿ 65 ಡಾಲರ್‌ಗೆ ಸಿಗುತ್ತಿತ್ತು. ಆ ಕಂಪನಿ ಸುಮ್ಮನೆ ಇಟ್ಟುಕೊಂಡಿದ್ದ ಬಾಂಡ್ ಮತ್ತು ನಗದೇ ಪ್ರತಿ ಷೇರಿಗೆ ಸುಮಾರು 95 ಡಾಲರ್‌ನಷ್ಟಿತ್ತು! ಆ ಹಣವನ್ನು ಷೇರುದಾರರಿಗೆ ಹಂಚಿ ಎಂದು ಕೇಳಲು ಆಯಿಲ್ ಸಿಟಿ ಎಂಬ ದೂರದ ಊರಿನ ವಾರ್ಷಿಕ ಸಭೆಗೆ ಒಬ್ಬರೇ ಹೋದರು. ಗೊತ್ತುವಳಿಯನ್ನು ಅನುಮೋದಿಸಲು ಇನ್ನೊಬ್ಬ ಸದಸ್ಯ ಬೇಕಂತೆ, ಯಾರೂ ಸಿಗದೆ ಬರಿಗೈಯಲ್ಲಿ ವಾಪಸಾದರು. ಮರುವರ್ಷ ಸಾಕಷ್ಟು ಷೇರುದಾರರ ಒಪ್ಪಿಗೆ ಪತ್ರ ಕೂಡಿಸಿಕೊಂಡು ಹೋಗಿ ಆಡಳಿತ ಮಂಡಳಿಯಲ್ಲೇ ಜಾಗ ಪಡೆದರು. ಕೊನೆಗೆ ಕಂಪನಿ ಪ್ರತಿ ಷೇರಿಗೆ 70 ಡಾಲರ್ ಹಂಚಿತು. ಗ್ರಹಾಂ ಜೀವನದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಆಮೇಲೆ 1929 ಬಂತು. ಆ ವರ್ಷದ ಆರಂಭದಲ್ಲಿ ಅವರು ನೋಡಿಕೊಳ್ಳುತ್ತಿದ್ದ ನಿಧಿ 25 ಲಕ್ಷ ಡಾಲರ್. ಸೆಪ್ಟೆಂಬರ್‌ನಲ್ಲಿ 381 ಇದ್ದ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈನಲ್ಲಿ 41ಕ್ಕೆ ಬಂತು, ಅಂದರೆ ಶೇ 89ರಷ್ಟು ಕುಸಿತ. ಗ್ರಹಾಂ ಅವರ ನಿಧಿ ಶೇ 70ರಷ್ಟು ಕರಗಿತು. ನೂರು ಮೂವತ್ತಾದರೆ ಅದು ಮತ್ತೆ ನೂರಾಗಲು ಮೂರು ಪಟ್ಟಿಗಿಂತ ಹೆಚ್ಚು ಬೆಳೆಯಬೇಕು, ಲೆಕ್ಕ ಹಾಕಿ ನೋಡಿ. ಅವರ ಸಂಭಾವನೆ ಲಾಭದಲ್ಲಿ ಪಾಲು ಮಾತ್ರ. ಹಳೆಯ ನಷ್ಟ ತುಂಬುವವರೆಗೆ ಪಾಲಿಲ್ಲ. ಹಾಗಾಗಿ ಸುಮಾರು ಐದು ವರ್ಷ ಬೇರೆಯವರ ಹಣಕ್ಕಾಗಿ ಬಿಟ್ಟಿ ದುಡಿದರು. ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋದರು. ಹೊಟ್ಟೆಪಾಡಿಗೆ ಪಾಠ, ಬರವಣಿಗೆ ಇತ್ತು.

ಪಾಠ ಎಂದರೆ ಕೊಲಂಬಿಯಾದಲ್ಲಿ 1928ರಿಂದ ನಡೆಸುತ್ತಿದ್ದ ಸಂಜೆ ತರಗತಿ. ಡೇವಿಡ್ ಡಾಡ್ ಎಂಬ ಕಿರಿಯ ಅಧ್ಯಾಪಕರು ಕುಳಿತು ಬರೆದುಕೊಂಡ ಟಿಪ್ಪಣಿಗಳು ಬೆಳೆದು 1934ರಲ್ಲಿ ಇಬ್ಬರ ಹೆಸರಿನಲ್ಲಿ ‘ಸೆಕ್ಯುರಿಟಿ ಅನಾಲಿಸಿಸ್’ ಪುಸ್ತಕವಾಯಿತು. 1929ರಲ್ಲಿ ಜನ ಮಾಡಿದ್ದೇನು? ಆ ವರ್ಷದ ಭರ್ಜರಿ ಲಾಭ ಹಿಡಿದು, ಅದು ಹಾಗೇ ಏರುತ್ತದೆ ಎಂದುಕೊಂಡು ಬೆಲೆ ಕೊಟ್ಟರು. ಗ್ರಹಾಂ ಕೊಟ್ಟ ಮದ್ದು ಸರಳ. ಒಂದು ವರ್ಷದ ಗಳಿಕೆ ನೋಡಬೇಡಿ, ಕನಿಷ್ಠ ಐದು, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷಗಳ ಸರಾಸರಿ ನೋಡಿ. ಅದರಲ್ಲಿ ಒಳ್ಳೆಯ ಕಾಲವೂ ಕೆಟ್ಟ ಕಾಲವೂ ಸೇರಿರಲಿ.

ಅದರಲ್ಲಿ ಒಂದು ಕೊರತೆ ಇತ್ತು. ಹತ್ತು ವರ್ಷದ ಹಿಂದಿನ ರೂಪಾಯಿಯೂ ಇವತ್ತಿನ ರೂಪಾಯಿಯೂ ಒಂದೇ ಅಲ್ಲವಲ್ಲ? ಅಮೆರಿಕದಲ್ಲಿ 1914ರಿಂದ 1920ರೊಳಗೆ ದರಗಳು ದುಪ್ಪಟ್ಟಾದದ್ದನ್ನು, 1929ರ ನಂತರ ನಾಲ್ಕು ವರ್ಷದಲ್ಲಿ ಕಾಲು ಭಾಗದಷ್ಟು ಇಳಿದದ್ದನ್ನು ಗ್ರಹಾಂ ಕಣ್ಣಾರೆ ಕಂಡಿದ್ದರು. ದರಗಳನ್ನು ಸ್ಥಿರವಾಗಿಡುವುದು ಹೇಗೆಂದು 1937ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ಸರಾಸರಿ ಗಳಿಕೆಯ ಲೆಕ್ಕಕ್ಕೆ ಹಣದುಬ್ಬರ ಸೇರಿಸಿದ ಕೆಲಸ ಅರ್ಧ ಶತಮಾನದ ನಂತರ ಆಯಿತು. 1988ರಲ್ಲಿ ಜಾನ್ ಕ್ಯಾಂಬೆಲ್ ಮತ್ತು ರಾಬರ್ಟ್ ಶಿಲ್ಲರ್ ಹಳೆಯ ವರ್ಷಗಳ ಗಳಿಕೆಯನ್ನು ಇಂದಿನ ಬೆಲೆಗೆ ಏರಿಸಿ ಸರಾಸರಿ ತೆಗೆದರು. ಇವತ್ತಿನ ಷೇರು ಬೆಲೆಯನ್ನು ಆ ಸರಾಸರಿಯಿಂದ ಭಾಗಿಸಿದರೆ ಬರುವ ಅನುಪಾತವೇ ‘ಕೇಪ್’. ಅಮೆರಿಕದ ಪೇಟೆಗೆ ಅದು ದೀರ್ಘಕಾಲದಲ್ಲಿ 16–17ರ ಆಸುಪಾಸಿನಲ್ಲಿತ್ತು, 1999ರ ಕೊನೆಗೆ 44ಕ್ಕೆ ಹೋಯಿತು. ಮುಂದಿನದ್ದು ನಿಮಗೆ ಗೊತ್ತು, ಡಾಟ್‌ಕಾಂ ಗುಳ್ಳೆ ಒಡೆಯಿತು.

ಇಷ್ಟೆಲ್ಲ ನಾನು ಓದಿದ್ದು ಪರೀಕ್ಷೆಗಲ್ಲ. ಅಪ್ಪ ಕಳೆದ ವರ್ಷ ನಿವೃತ್ತರಾದರು. ಗ್ರಾಚ್ಯುಟಿ ಹಣ ಖಾತೆಗೆ ಬಂದ ವಾರವೇ ಚಿಕ್ಕಪ್ಪ ಮನೆಗೆ ಬಂದು, ಸ್ಟೇಟ್ ಬ್ಯಾಂಕ್ ಷೇರು ಗಳಿಕೆಯ ಬರೀ ಹನ್ನೊಂದು ಪಟ್ಟಿಗೆ ಸಿಗುತ್ತಿದೆ, ಇಷ್ಟು ಅಗ್ಗ ಇನ್ನೆಲ್ಲಿ, ಅರ್ಧ ಹಣ ಹಾಕಿಬಿಡು ಎಂದರು. ಅಪ್ಪ ನನ್ನ ಮುಖ ನೋಡಿದರು. ಎಲೆಕ್ಟ್ರಾನಿಕ್ಸ್ ಓದುವ ಮಗನಿಗೆ ಷೇರು ಗೊತ್ತಿರುತ್ತದೆಂದು ಅವರ ನಂಬಿಕೆ! ನಾನು ಬ್ಯಾಂಕಿನ ವಾರ್ಷಿಕ ವರದಿಗಳನ್ನು ಇಳಿಸಿಕೊಂಡು ಕುಳಿತೆ.

ಬ್ಯಾಂಕಿನ ಲಾಭ ಸೋಪು, ಬಿಸ್ಕತ್ತಿನ ಕಂಪನಿಯ ಲಾಭದಂತಲ್ಲ. ನೂರು ರೂಪಾಯಿ ಆಸ್ತಿಯ ಮೇಲೆ ಒಳ್ಳೆಯ ವರ್ಷದಲ್ಲಿ ಒಂದು ರೂಪಾಯಿ ಲಾಭ ಉಳಿದರೆ ಅದೇ ದೊಡ್ಡದು. ಅದೇ ನೂರರಲ್ಲಿ ಎರಡು ರೂಪಾಯಿ ಮುಳುಗಿದರೆ ಎರಡು ವರ್ಷದ ಲಾಭ ಹೋದಂತೆ. ಸಾಲ ಕೊಟ್ಟ ವರ್ಷ ಬಡ್ಡಿ ಬರುತ್ತದೆ, ಲಾಭ ಮೆರೆಯುತ್ತದೆ. ಸಾಲ ಕೆಡುವುದು ನಾಲ್ಕೈದು ವರ್ಷ ಕಳೆದು, ಅದೂ ಎಲ್ಲ ಒಟ್ಟಿಗೆ. ಹಾಗಾಗಿ ಒಂದು ವರ್ಷದ ಲಾಭ ನೋಡಿ ಬ್ಯಾಂಕನ್ನು ಅಳೆಯುವುದು ಮಳೆಗಾಲದಲ್ಲಿ ಕೆರೆ ನೋಡಿ ಜಮೀನು ಕೊಂಡಂತೆ.

2015ರ ಮಾರ್ಚ್‌ಗೆ ಮುಗಿದ ವರ್ಷ ಎಸ್‌ಬಿಐ ನಿವ್ವಳ ಲಾಭ 13,102 ಕೋಟಿ ರೂಪಾಯಿ. 2018ರಲ್ಲಿ 6,547 ಕೋಟಿ ನಷ್ಟ. 2019ರಲ್ಲಿ ಬರೀ 862 ಕೋಟಿ ಲಾಭ. ಆಮೇಲೆ ಏರುತ್ತಾ ಏರುತ್ತಾ 2024ರಲ್ಲಿ 61,077 ಕೋಟಿ. ಈ ಹತ್ತು ವರ್ಷದ ಬರೀ ಸರಾಸರಿ ಸುಮಾರು 20,570 ಕೋಟಿ. ಹಣದುಬ್ಬರವನ್ನು ಲೆಕ್ಕಕ್ಕೆ ಅನುಕೂಲವಾಗಲೆಂದು ವರ್ಷಕ್ಕೆ ಶೇ 5 ಎಂದು ಹಿಡಿದೆ. ಅಂದರೆ 2015ರ 13,102 ಕೋಟಿ 2024ರ ಬೆಲೆಯಲ್ಲಿ ಸುಮಾರು 20,300 ಕೋಟಿಗೆ ಸಮ. ನಷ್ಟವನ್ನೂ ಹಾಗೇ ಏರಿಸಬೇಕು, ಅದು ಸುಮಾರು 8,770 ಕೋಟಿಯಾಗುತ್ತದೆ. ಎಲ್ಲ ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಾಸರಿ 23,200 ಕೋಟಿ. 2024ರಲ್ಲಿ ಷೇರುಗಳ ಸಂಖ್ಯೆ 892 ಕೋಟಿ ಇತ್ತು, ಪ್ರತಿ ಷೇರಿಗೆ 26 ರೂಪಾಯಿ. 2024ರ ಮಾರ್ಚ್ ಕೊನೆಗೆ ಷೇರಿನ ಬೆಲೆ ಸುಮಾರು 750 ರೂಪಾಯಿ. ಆ ವರ್ಷದ ಗಳಿಕೆಯಿಂದ ಭಾಗಿಸಿದರೆ ಚಿಕ್ಕಪ್ಪ ಹೇಳಿದ 11. ಹತ್ತು ವರ್ಷದ ಸರಾಸರಿಯಿಂದ ಭಾಗಿಸಿದರೆ 29.

ಹನ್ನೊಂದೋ, ಇಪ್ಪತ್ತೊಂಬತ್ತೋ? ನಮ್ಮ ಸಿಗ್ನಲ್ಸ್ ಕ್ಲಾಸಿನಲ್ಲಿ ಕಲಿಸುವ ಚಲಿಸುವ ಸರಾಸರಿ ಗದ್ದಲವನ್ನು ಸೋಸುತ್ತದೆ, ಆದರೆ ತಡವಾಗಿ ಸ್ಪಂದಿಸುತ್ತದೆ. ಇಲ್ಲೂ ಅದೇ. 2017ರ ಏಪ್ರಿಲ್ 1ರಂದು ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸೇರಿ ಐದು ಸಹವರ್ತಿ ಬ್ಯಾಂಕುಗಳು, ಜೊತೆಗೆ ಭಾರತೀಯ ಮಹಿಳಾ ಬ್ಯಾಂಕ್, ಎಸ್‌ಬಿಐನಲ್ಲಿ ವಿಲೀನವಾದವು. 2015ರ ಬ್ಯಾಂಕು ಇವತ್ತಿನ ಬ್ಯಾಂಕಿಗಿಂತ ತುಂಬ ಚಿಕ್ಕದು. ಹಂಚದೆ ಉಳಿಸಿಕೊಂಡ ಲಾಭವೂ ಬಂಡವಾಳಕ್ಕೆ ಸೇರಿ ಬೆಳೆದಿದೆ. ಆದ್ದರಿಂದ 29 ಎನ್ನುವುದು ಬ್ಯಾಂಕಿಗೆ ಅನ್ಯಾಯ. ಆದರೆ 11 ಎನ್ನುವುದು ಅದೃಷ್ಟದ ವರ್ಷವನ್ನೇ ಶಾಶ್ವತ ಎಂದುಕೊಂಡಂತೆ. 2018ರ ಮಾರ್ಚ್‌ನಲ್ಲಿ ಬ್ಯಾಂಕು ಕೊಟ್ಟ ಪ್ರತಿ ನೂರು ರೂಪಾಯಿ ಸಾಲದಲ್ಲಿ ಹನ್ನೊಂದು ರೂಪಾಯಿಯಷ್ಟು ಎನ್‌ಪಿಎ ಇತ್ತು. 2024ರ ಮಾರ್ಚ್‌ನಲ್ಲಿ ಅದು ಎರಡೂಕಾಲು. ಈ ಎರಡೂಕಾಲು ಮತ್ತೆ ಆರಾದರೆ ಏನಾಗುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಗ್ರಹಾಂ ಸಾಮಾನ್ಯ ಹೂಡಿಕೆದಾರರಿಗೆ ಇಟ್ಟಿದ್ದ ಷರತ್ತುಗಳಲ್ಲಿ ಹಿಂದಿನ ಹತ್ತು ವರ್ಷವೂ ಕಂಪನಿ ಲಾಭ ಕಂಡಿರಬೇಕೆಂಬುದೂ ಒಂದು. 2018ರ ನಷ್ಟದಿಂದಾಗಿ ನಾನು ಹಿಡಿದ ಹತ್ತು ವರ್ಷದಲ್ಲಿ ಎಸ್‌ಬಿಐ ಅದನ್ನು ದಾಟುವುದಿಲ್ಲ.

ಅಪ್ಪನಿಗೆ ಕೊಳ್ಳಬೇಡಿ ಎಂದು ನಾನು ಹೇಳಲಿಲ್ಲ. ಎರಡೂ ಸಂಖ್ಯೆಗಳನ್ನು ಕ್ಯಾಲೆಂಡರ್ ಹಿಂದೆ ಬರೆದುಕೊಟ್ಟೆ. ಅಕ್ಕನ ಮದುವೆಗೆ ಬೇಕಾದ ದುಡ್ಡನ್ನು ಅವರು ಎಫ್‌ಡಿಗೆ ಹಾಕಿದರು. ಉಳಿದದ್ದರಲ್ಲಿ ಸ್ವಲ್ಪಕ್ಕೆ ಷೇರು ಬಂತು. ಚಿಕ್ಕಪ್ಪನಿಗೆ ಇನ್ನೂ ನನ್ನ ಮೇಲೆ ಸಿಟ್ಟಿದೆ.

ಗ್ರಹಾಂ ಅವರ ಕಡೆಗೇ ಮರಳೋಣ. 1936ರಲ್ಲಿ ಗ್ರಹಾಂ–ನ್ಯೂಮನ್ ಕಾರ್ಪೊರೇಷನ್ ಶುರುವಾಯಿತು. 1949ರಲ್ಲಿ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ ಬಂತು, ಅದನ್ನು ಓದಿದ ವಾರನ್ ಬಫೆಟ್ ಕೊಲಂಬಿಯಾಕ್ಕೆ ಬಂದು ಶಿಷ್ಯನಾದರು, ಮುಂದೆ ಎರಡು ವರ್ಷ ಅವರ ಬಳಿ ಕೆಲಸವನ್ನೂ ಮಾಡಿದರು. ಈ ಭಾಗ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಗ್ರಹಾಂ ಒಂದು ನಾಟಕ ಬರೆದು ಬ್ರಾಡ್‌ವೇಯಲ್ಲಿ ಆಡಿಸಿದ್ದರು ಎಂಬುದು. ಕೆಲವೇ ದಿನಕ್ಕೆ ಪರದೆ ಬಿತ್ತು. ಸ್ಪ್ಯಾನಿಷ್ ಕಾದಂಬರಿಯೊಂದನ್ನು ಇಂಗ್ಲಿಷಿಗೆ ಅನುವಾದವನ್ನೂ ಮಾಡಿದರು. 1914ರಲ್ಲಿ ಬಿಟ್ಟುಬಂದ ಇಂಗ್ಲಿಷ್ ವಿಭಾಗ ಅವರನ್ನು ಪೂರ್ತಿ ಬಿಟ್ಟಿರಲಿಲ್ಲ ಅಂತ ಕಾಣುತ್ತದೆ.

1948ರಲ್ಲಿ ಅವರ ಸಂಸ್ಥೆ ‘ಗೈಕೊ’ ಎಂಬ ವಾಹನ ವಿಮಾ ಕಂಪನಿಯ ಅರ್ಧ ಪಾಲನ್ನು 7,12,500 ಡಾಲರ್‌ಗೆ ಕೊಂಡಿತ್ತು. ಹಣವನ್ನು ಹತ್ತಾರು ಕಡೆ ಹಂಚಿಡಿ ಎಂದು ಪಾಠ ಹೇಳುತ್ತಿದ್ದವರು ನಿಧಿಯ ದೊಡ್ಡ ಭಾಗವನ್ನು ಒಂದೇ ಕಡೆ ಹಾಕಿದ್ದರು. ಅವರ ಉಳಿದೆಲ್ಲ ಹೂಡಿಕೆಗಳಿಂದ ಬಂದದ್ದಕ್ಕಿಂತ ಹೆಚ್ಚು ಲಾಭ ಬಂದದ್ದು ಅದರಿಂದಲೇ. ಇದನ್ನು ಅವರು ಮುಚ್ಚಿಡದೆ ತಮ್ಮ ಪುಸ್ತಕದ ಕೊನೆಯಲ್ಲಿ ಬರೆದಿದ್ದಾರೆ.

ವಿಮೆಯೂ ಬ್ಯಾಂಕಿನಂತೆಯೇ. ಪ್ರೀಮಿಯಂ ಮೊದಲು ಬರುತ್ತದೆ, ಪರಿಹಾರದ ಖರ್ಚು ಆಮೇಲೆ. ಎಪ್ಪತ್ತರ ದಶಕದಲ್ಲಿ ಹಣದುಬ್ಬರದಿಂದ ಗಾಡಿ ರಿಪೇರಿ, ಆಸ್ಪತ್ರೆ ಎಲ್ಲ ದುಬಾರಿಯಾದವು. ಗೈಕೊ ಅದಕ್ಕೆ ತಕ್ಕಷ್ಟು ಹಣ ತೆಗೆದಿರಿಸಿರಲಿಲ್ಲ. ವರ್ಷವರ್ಷವೂ ತೋರಿಸಿದ ಲಾಭದಲ್ಲಿ ಒಂದಿಷ್ಟು ಲಾಭವೇ ಆಗಿರಲಿಲ್ಲ. 1975ರಲ್ಲಿ 12.6 ಕೋಟಿ ಡಾಲರ್ ನಷ್ಟವಾಗಿ ಮರುವರ್ಷ ಕಂಪನಿ ಮುಚ್ಚುವ ಅಂಚಿಗೆ ಬಂತು. ಹಳೆಯ ಶಿಷ್ಯ ಬಫೆಟ್ ಅದೇ ಹೊತ್ತಿನಲ್ಲಿ ಅದರ ಷೇರುಗಳನ್ನು ಕೊಳ್ಳತೊಡಗಿದರು. ಗೈಕೊ ಉಳಿದುಕೊಂಡಿತು. 1976ರ ಸೆಪ್ಟೆಂಬರ್ 21ರಂದು ಫ್ರಾನ್ಸ್‌ನ ಏ-ಆನ್-ಪ್ರೊವಾನ್ಸ್‌ನಲ್ಲಿ ಗ್ರಹಾಂ ತೀರಿಕೊಂಡರು. ಆಗ ಅವರಿಗೆ 82 ವರ್ಷ.